ಜಿಮ್ ಡೆವ್ಲಿನ್‌ಗೆ ಬೇಸ್‌ಬಾಲ್ ಯಾಕೆ ಕ್ಷಮೆ ಕೊಡಲಿಲ್ಲ?

1877ರಲ್ಲಿ ಅಮೆರಿಕದ ಲೂಯಿವಿಲ್ ಗ್ರೇಸ್ ಎಂಬ ಬೇಸ್‌ಬಾಲ್ ತಂಡ ಲೀಗ್‌ನಲ್ಲಿ 61 ಪಂದ್ಯ ಆಡಿತು. ಆ 61 ಪಂದ್ಯಗಳಲ್ಲೂ ತಂಡದ ಪರ ಚೆಂಡೆಸೆದವನು ಒಬ್ಬನೇ. ಒಂದು ಪಂದ್ಯಕ್ಕೂ ರಜೆ ಇಲ್ಲ, ಒಂದು ಇನ್ನಿಂಗ್ಸ್‌ಗೂ ಬದಲಿ ಇಲ್ಲ. ಅವನ ಹೆಸರು ಜಿಮ್ ಡೆವ್ಲಿನ್. ಹೀಗೆ ತಂಡದ ಇಡೀ ಸೀಸನ್ನನ್ನು ಒಬ್ಬನೇ ಎಸೆದು ಮುಗಿಸಿದ ಇನ್ನೊಬ್ಬ ಪಿಚರ್ ಮೇಜರ್ ಲೀಗ್, ಅಂದರೆ ಅಮೆರಿಕದ ಅತಿ ಮೇಲಿನ ದರ್ಜೆಯ ಬೇಸ್‌ಬಾಲ್‌ನ ಚರಿತ್ರೆಯಲ್ಲಿ ಇಲ್ಲ. ಸೀಸನ್ ಮುಗಿದು ಒಂದು ತಿಂಗಳೊಳಗೆ ಅವನನ್ನು ಆಟದಿಂದ ಹೊರಗೆ ಹಾಕಿದರು. ಆಗ ಅವನಿಗೆ 28 ವರ್ಷ. ಮತ್ತೆ ಒಳಗೆ ಸೇರಿಸಿಕೊಳ್ಳಲೇ ಇಲ್ಲ.

ಯಾಕೆ ಅಂದರೆ ಒಂದೇ ಮಾತಿನ ಉತ್ತರ ಇದೆ: ದುಡ್ಡು ತಗೊಂಡು ಪಂದ್ಯ ಸೋತ. ಇದು ಸುಳ್ಳಲ್ಲ, ಅವನೇ ಒಪ್ಪಿಕೊಂಡಿದ್ದ. ಆದರೆ ಈ ಉತ್ತರ ಅರ್ಧ ಮಾತ್ರ. ಅವನಿಗಿಂತ ಮೊದಲು ಇದೇ ಕೆಲಸ ಮಾಡಿ ಸಿಕ್ಕಿಬಿದ್ದವರು ನಾಲ್ಕೈದು ವರ್ಷದಲ್ಲಿ ಆರಾಮಾಗಿ ಮೈದಾನಕ್ಕೆ ವಾಪಸ್ ಬಂದಿದ್ದರು. 1865ರಲ್ಲಿ ನ್ಯೂಯಾರ್ಕ್ ಮ್ಯೂಚುವಲ್ಸ್ ತಂಡದ ಮೂವರು ಹಣ ಪಡೆದು ಪಂದ್ಯ ಬಿಟ್ಟುಕೊಟ್ಟರು. ಅವರನ್ನೂ ಹೊರಗೆ ಹಾಕಿದರು. 1870ರ ಹೊತ್ತಿಗೆ ಮೂವರಿಗೂ ಬಾಗಿಲು ತೆರೆದಿತ್ತು. ಹಾಗಾದರೆ ಡೆವ್ಲಿನ್ ವಿಷಯದಲ್ಲಿ ಮಾತ್ರ ಇಷ್ಟು ಹಟ ಯಾಕೆ? ಅದು ಗೊತ್ತಾಗಬೇಕಾದರೆ ಆಗಿನ ಪಿಚರ್‌ನ ಕೆಲಸ ಎಂಥದ್ದು, ಬೆಟ್ಟಿಂಗ್ ಹೇಗೆ ನಡೆಯುತ್ತಿತ್ತು, ಆ ಲೀಗ್ ಎಷ್ಟು ಬಡಕಲಾಗಿತ್ತು ಅನ್ನುವುದನ್ನು ಸ್ವಲ್ಪ ನೋಡಬೇಕು.

ಮೊದಲು ಪಿಚರ್. ಕ್ರಿಕೆಟ್ ನೋಡಿ ಬೆಳೆದ ನಮಗೆ ಪಿಚರ್ ಅಂದರೆ ಬೌಲರ್ ಅಂತ ತಿಳಿದುಕೊಂಡರೆ ಸಾಕು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಆರು ಚೆಂಡು ಆದ ಮೇಲೆ ಇನ್ನೊಬ್ಬ ಬರಲೇಬೇಕು. ಬೇಸ್‌ಬಾಲ್‌ನಲ್ಲಿ ಆ ನಿಯಮ ಇಲ್ಲ. ಒಂದು ಪಂದ್ಯ ಅಂದರೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್, ಒಟ್ಟು 27 ಔಟ್. ಈ 27 ಔಟ್‌ಗಳನ್ನೂ ಒಬ್ಬನೇ ಎಸೆದು ತೆಗೆಯಬಹುದು. ಈಗಿನ ತಂಡಗಳು ಒಂದೇ ಪಂದ್ಯದಲ್ಲಿ ನಾಲ್ಕೈದು ಪಿಚರ್‌ಗಳನ್ನು ಇಳಿಸುತ್ತವೆ. 1870ರ ದಶಕದಲ್ಲಿ ಹಾಗಲ್ಲ. ತಂಡದಲ್ಲಿ ಹತ್ತು ಹನ್ನೊಂದು ಜನ ಇದ್ದರೆ ಅದೇ ಹೆಚ್ಚು. ಗಾಯವಾಗದೆ ಆಟಗಾರನನ್ನು ಬದಲಿಸುವುದೂ ಸುಲಭ ಇರಲಿಲ್ಲ. ಹಾಗಾಗಿ ತಂಡಕ್ಕೆ ಒಬ್ಬನೇ ಮುಖ್ಯ ಪಿಚರ್. ಅವನ ತೋಳು ಇರುವವರೆಗೆ ತಂಡ.

ಒಬ್ಬ ಮನುಷ್ಯನಿಗೆ ಅಷ್ಟು ಎಸೆಯಲು ಹೇಗೆ ಸಾಧ್ಯವಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಆಗಿನ ನಿಯಮದಲ್ಲಿದೆ. ತೋಳನ್ನು ಭುಜದ ಮೇಲಿಂದ ಬೀಸಿ ಎಸೆಯುವಂತಿರಲಿಲ್ಲ. ಕೈ ಸೊಂಟಕ್ಕಿಂತ ಕೆಳಗೆ ಹಾದು ಚೆಂಡು ಬಿಡಬೇಕಿತ್ತು. ಭುಜದ ಮೇಲೆ ಬೀಳುವ ಭಾರ ಇದರಿಂದ ಕಡಿಮೆ. ದೂರವೂ ಕಡಿಮೆ, ಬರೀ 45 ಅಡಿ. ಈಗ ಅದು 60 ಅಡಿ 6 ಅಂಗುಲ, 1893ರಿಂದ ಹಾಗೇ ಇದೆ. ಕ್ರಿಕೆಟ್ ಪಿಚ್ 66 ಅಡಿ ಉದ್ದ, ಲೆಕ್ಕ ಹಾಕಿಕೊಳ್ಳಿ. ಬ್ಯಾಟರ್‌ಗೆ ಇನ್ನೊಂದು ಸವಲತ್ತು ಇತ್ತು. ಚೆಂಡು ಸೊಂಟಕ್ಕಿಂತ ಮೇಲೆ ಬೇಕೋ ಕೆಳಗೆ ಬೇಕೋ ಅಂತ ಅವನೇ ಹೇಳುತ್ತಿದ್ದ! ಪಿಚರ್ ಅದೇ ಎತ್ತರಕ್ಕೆ ಕೊಡಬೇಕು. ಇವತ್ತು ಕೇಳಿದರೆ ನಗು ಬರುತ್ತದೆ. ಬ್ಯಾಟರ್ ಹೊಡೆಯಲಿ, ಫೀಲ್ಡರ್‌ಗಳು ಹಿಡಿಯಲಿ, ಆಟ ಓಡಲಿ ಅನ್ನುವುದೇ ಮೊದಲ ಕಾಲದ ಉದ್ದೇಶ. ಪಿಚರ್ ಅಂದರೆ ಚೆಂಡು ಒದಗಿಸುವವನು, ಅಷ್ಟೇ.

ಆದರೆ ಬುದ್ಧಿವಂತರು ಸುಮ್ನೆ ಇರುತ್ತಾರಾ? 1872ರ ನಂತರ ಮಣಿಕಟ್ಟು ತಿರುಗಿಸಿ ಎಸೆಯಲು ಅವಕಾಶ ಸಿಕ್ಕಿತು. ಅಲ್ಲಿಂದ ಪಿಚಿಂಗ್‌ನ ನಿಜವಾದ ಕಲೆ ಶುರುವಾಯಿತು. ಚೆಂಡಿಗೆ ಸುತ್ತು ಕೊಟ್ಟರೆ ಅದು ಗಾಳಿಯಲ್ಲೇ ದಾರಿ ಬದಲಿಸುತ್ತದೆ. ಕೆಲವರು ಪಕ್ಕಕ್ಕೆ ತಿರುಗಿಸುತ್ತಿದ್ದರು. ಡೆವ್ಲಿನ್‌ನ ವಿಶೇಷ ಬೇರೆ. ಅವನ ಚೆಂಡು ಬ್ಯಾಟರ್ ಹತ್ತಿರ ಬಂದು ಇದ್ದಕ್ಕಿದ್ದಂತೆ ಕೆಳಗೆ ಇಳಿಯುತ್ತಿತ್ತು. ಬ್ಯಾಟರ್ ಕೇಳಿದ ಎತ್ತರಕ್ಕೇ ಹೊರಟ ಚೆಂಡು, ಬ್ಯಾಟ್ ಬೀಸುವ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ. ಕೇಳಿದ್ದನ್ನು ಕೊಟ್ಟೇ ಮೋಸ ಮಾಡುವ ಈ ಎಸೆತ ಆಗ ಬಹಳ ಜನರಿಗೆ ಹೊಸದು.

ಡೆವ್ಲಿನ್ ಹುಟ್ಟಿದ್ದು 1849ರಲ್ಲಿ, ಫಿಲಡೆಲ್ಫಿಯಾದಲ್ಲಿ. ವೃತ್ತಿಪರ ಆಟಕ್ಕೆ ಬಂದದ್ದು 1873ರಲ್ಲಿ, ಅದೇ ಊರಿನ ತಂಡದಿಂದ. ಆಗ ಅವನು ಪಿಚರ್ ಆಗಿರಲಿಲ್ಲ, ಹೆಚ್ಚಾಗಿ ಫೀಲ್ಡರ್ ಆಗಿ ಆಡುತ್ತಿದ್ದ. ಮುಂದಿನ ವರ್ಷ ಶಿಕಾಗೋ ಸೇರಿದ. 1875ರಲ್ಲಿ ಅಲ್ಲೇ ಪಿಚಿಂಗ್ ಶುರು ಮಾಡಿದ. 7 ಗೆಲುವು, 16 ಸೋಲು. ಯಾರೂ ತಿರುಗಿ ನೋಡುವಂಥ ಲೆಕ್ಕವಲ್ಲ. 1876ಕ್ಕೆ ಶಿಕಾಗೋ ತಂಡ ಬಾಸ್ಟನ್‌ನಿಂದ ಆಲ್ಬರ್ಟ್ ಸ್ಪಾಲ್ಡಿಂಗ್‌ನನ್ನು ಕರೆತಂದಿತು. ಆಗಿನ ಅತಿ ದೊಡ್ಡ ಪಿಚರ್ ಅವನೇ. ಮುಂದೆ ಅವನು ಆಟದ ಸಾಮಾನಿನ ವ್ಯಾಪಾರಕ್ಕೆ ಇಳಿದ, ಅವನ ಹೆಸರಿನ ಚೆಂಡುಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ಡೆವ್ಲಿನ್ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಹೋದ. ನಮ್ಮಲ್ಲಿ ಹೆಚ್ಚಿನವರಿಗೆ ಆ ಊರು ಮೊಹಮ್ಮದ್ ಅಲಿಯ ಊರು ಅಂತಲೇ ಗೊತ್ತು.

ಲೂಯಿವಿಲ್‌ನಲ್ಲಿ ಡೆವ್ಲಿನ್ ಬೇರೆಯೇ ಮನುಷ್ಯನಾದ. 1876ರಲ್ಲಿ 68 ಪಂದ್ಯಗಳಲ್ಲಿ ಮೊದಲಿನಿಂದ ಎಸೆದ, ಅದರಲ್ಲಿ 66 ಪಂದ್ಯಗಳನ್ನು ಕೊನೆವರೆಗೂ ಎಸೆದ. ಒಟ್ಟು 622 ಇನ್ನಿಂಗ್ಸ್. ಲೀಗ್‌ನಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್, ಅಂದರೆ ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್ ಆಗುವುದು, ಅವನದು. ಆದರೂ 30 ಗೆದ್ದು 35 ಸೋತ, ಯಾಕೆಂದರೆ ತಂಡದ ಬ್ಯಾಟಿಂಗ್ ದುರ್ಬಲ. ಈ 622 ಅನ್ನುವ ಅಂಕಿ ಎಷ್ಟು ದೊಡ್ಡದು ಅಂತ ಅಂದಾಜು ಬೇಕಾದರೆ ಇದನ್ನು ನೋಡಿ. ಮೇಜರ್ ಲೀಗ್‌ನಲ್ಲಿ ಒಂದು ಸೀಸನ್‌ನಲ್ಲಿ 300 ಇನ್ನಿಂಗ್ಸ್ ದಾಟಿದ ಕೊನೆಯ ಪಿಚರ್ ಸ್ಟೀವ್ ಕಾರ್ಲ್‌ಟನ್, 1980ರಲ್ಲಿ. ಆಮೇಲೆ ಯಾರೂ ಅಲ್ಲಿಗೆ ಮುಟ್ಟಿಲ್ಲ. ಇಂದಿನ ಒಳ್ಳೆಯ ಪಿಚರ್ 200 ದಾಟಿದರೆ ಭೇಷ್ ಅನ್ನುತ್ತಾರೆ.

1877ಕ್ಕೆ ತಂಡ ಬಲವಾಯಿತು. ಹಿಂದಿನ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಹೋಂ ರನ್ (ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು ಮುಗಿಸಿ ರನ್ ಗಳಿಸುವುದು) ಹೊಡೆದ ಜಾರ್ಜ್ ಹಾಲ್ ಬಂದ. ಅತಿ ಹೆಚ್ಚು ಅಂದರೆ ಐದು! ಆಗಿನ ಚೆಂಡು, ಆಗಿನ ಮೈದಾನ ಹಾಗಿತ್ತು. ಬಿಲ್ ಕ್ರೇವರ್ ಎಂಬ ಅನುಭವಿ ಬಂದ, ಅವನ ಹೆಸರಿನ ಸುತ್ತ ಮೊದಲೇ ಜೂಜಿನ ವಾಸನೆ ಇತ್ತು. ಆಗಸ್ಟ್ ಮಧ್ಯದ ಹೊತ್ತಿಗೆ ಲೂಯಿವಿಲ್ ಪಟ್ಟಿಯ ತುದಿಯಲ್ಲಿತ್ತು. ಚಾಂಪಿಯನ್ ಆಗುವುದು ಖಾಯಂ ಅಂತ ಊರೇ ನಂಬಿತ್ತು.

ಆಮೇಲೆ ತಂಡ ಪೂರ್ವದ ಊರುಗಳಿಗೆ ಹೊರಟಿತು. ಬಾಸ್ಟನ್ ಎದುರು ಸೋತಿತು. ಹಾರ್ಟ್‌ಫರ್ಡ್ ಎದುರು ಸೋತಿತು. ಮತ್ತೆ ಸೋತಿತು. ಏಳು ಸೋಲು, ಒಂದು ಸಮ. ಎದುರಾಳಿಗಳು ದುರ್ಬಲರು ಅಂತೇನೂ ಅಲ್ಲ. ಬಾಸ್ಟನ್‌ನಲ್ಲಿ ಟಾಮಿ ಬಾಂಡ್ ಇದ್ದ, ಆ ವರ್ಷ 40 ಪಂದ್ಯ ಗೆದ್ದ ಪಿಚರ್. ಆದರೆ ಲೂಯಿವಿಲ್ ಸೋತ ರೀತಿ ನೋಡಿದವರಿಗೆ ಇರಿಸುಮುರಿಸು. ಸುಲಭದ ಚೆಂಡು ಕೈಜಾರುತ್ತಿತ್ತು. ಬೇಕಾದಾಗ ಬ್ಯಾಟ್‌ಗೆ ಚೆಂಡು ಸಿಗುತ್ತಿರಲಿಲ್ಲ. ಸೀಸನ್ ಮುಗಿದಾಗ ಬಾಸ್ಟನ್ ಮೊದಲು, ಏಳು ಪಂದ್ಯಗಳಷ್ಟು ಹಿಂದೆ ಲೂಯಿವಿಲ್ ಎರಡನೆಯದು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೈ ಜಾರಿತು ಅಂದ ಮಾತ್ರಕ್ಕೆ ಮೋಸ ಅನ್ನಲಾಗುವುದಿಲ್ಲ. ಆಗ ಬಹುತೇಕ ಎಲ್ಲರೂ ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದರು. ಗ್ಲೋವ್ ಹಾಕಿಕೊಂಡರೆ ಹೆದರುಪುಕ್ಕಲ ಅಂತ ಗೇಲಿ ಮಾಡುತ್ತಿದ್ದ ಕಾಲ. ಮೈದಾನ ಉಬ್ಬುತಗ್ಗು. ಒಂದು ತಂಡ ಒಂದು ಪಂದ್ಯದಲ್ಲಿ ನಾಲ್ಕೈದು ತಪ್ಪು ಮಾಡುವುದು ಮಾಮೂಲು. ಬೇಕಂತಲೇ ಬಿಟ್ಟ ಚೆಂಡು ಯಾವುದು, ಬೆರಳು ನೋವಿನಿಂದ ಜಾರಿದ್ದು ಯಾವುದು ಅಂತ ಹೇಳುವುದು ಕಷ್ಟ. ಪಂದ್ಯ ಮಾರಲು ಇದಕ್ಕಿಂತ ಒಳ್ಳೆಯ ಮರೆ ಬೇಕಾ?

ಮಾರುವುದು ಸರಿ, ಕೊಳ್ಳುವವರು ಯಾರು? ಆಗಿನ ಬೆಟ್ಟಿಂಗ್‌ನ ಮುಖ್ಯ ವಿಧಾನಕ್ಕೆ ಪೂಲ್ ಅನ್ನುತ್ತಿದ್ದರು. ಅದು ಹರಾಜಿನ ಥರ. ಒಂದು ಕೋಣೆಯಲ್ಲಿ ಜನ ಸೇರುತ್ತಾರೆ. ನಡೆಸುವವನು ಎರಡು ತಂಡಗಳನ್ನು ಹರಾಜಿಗೆ ಇಡುತ್ತಾನೆ. ಒಬ್ಬ 100 ಡಾಲರ್‌ಗೆ ಒಂದು ತಂಡ ಕೊಂಡ, ಇನ್ನೊಬ್ಬ 60 ಡಾಲರ್‌ಗೆ ಇನ್ನೊಂದನ್ನು ಕೊಂಡ ಅಂತ ಇಟ್ಟುಕೊಳ್ಳಿ. ಒಟ್ಟು 160 ಡಾಲರ್. ನಡೆಸುವವನು ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಗೆದ್ದ ತಂಡ ಕೊಂಡವನಿಗೆ ಕೊಡುತ್ತಾನೆ. ಎಲ್ಲರೂ ಗೆಲ್ಲುತ್ತದೆ ಅಂದುಕೊಂಡ ತಂಡಕ್ಕೆ ಬೆಲೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಈಗ ಗೆಲ್ಲುವ ಕುದುರೆ ಸೋಲುತ್ತದೆ ಅಂತ ಮೊದಲೇ ಗೊತ್ತಿರುವವನು ಅಗ್ಗದ ತಂಡವನ್ನೇ ಕೊಂಡುಕೊಂಡು ಕೂರಬಹುದು. ಅಂದರೆ ಜೂಜುಕೋರನಿಗೆ ಬೇಕಾದದ್ದು ಪಟ್ಟಿಯ ತುದಿಯಲ್ಲಿರುವ ತಂಡ, ಮತ್ತು ಆ ತಂಡವನ್ನು ಒಬ್ಬಂಟಿಯಾಗಿ ಸೋಲಿಸಬಲ್ಲ ಒಬ್ಬ ಮನುಷ್ಯ. 1877ರಲ್ಲಿ ಲೂಯಿವಿಲ್ ತಂಡದಲ್ಲಿ ಎರಡೂ ಒಟ್ಟಿಗೆ ಸಿಕ್ಕಿತ್ತು. ಇಡೀ ವರ್ಷ ಒಬ್ಬನೇ ಎಸೆಯುತ್ತಾನೆ ಅನ್ನುವುದು ದಾಖಲೆಯ ದೃಷ್ಟಿಯಿಂದ ಹೆಮ್ಮೆ. ಜೂಜುಕೋರನ ಲೆಕ್ಕದಲ್ಲಿ ಅದು ಅನುಕೂಲ. ಒಬ್ಬನ ಜೊತೆ ಮಾತಾಡಿದರೆ ಸಾಕು.

ಪೂಲ್ ಕೋಣೆಗಳು ನ್ಯೂಯಾರ್ಕ್, ಹೋಬೋಕನ್ ಕಡೆ. ಪಂದ್ಯ ನಡೆಯುವುದು ಎಲ್ಲೋ. ನಡುವೆ ಇದ್ದದ್ದು ಟೆಲಿಗ್ರಾಫ್ ತಂತಿ. ತಂತಿ ಇಲ್ಲದಿದ್ದರೆ ಈ ವ್ಯವಹಾರವೇ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನೂರಾರು ಮೈಲಿ ದೂರದ ಪಂದ್ಯದ ಮೇಲೆ ಕೂತಲ್ಲೇ ಹಣ ಕಟ್ಟಲು ದಾರಿ ಮಾಡಿಕೊಟ್ಟದ್ದೇ ಅದು. ಮುಂದೆ ಸಿಕ್ಕಿಹಾಕಿಸಿದ್ದೂ ಅದೇ.

ಮೊದಲ ಅನುಮಾನ ಬಂದದ್ದೂ ತಂತಿಯಲ್ಲೇ. ತಂಡದ ಉಪಾಧ್ಯಕ್ಷ ಚಾರ್ಲ್ಸ್ ಚೇಸ್‌ಗೆ ಹೆಸರಿಲ್ಲದ ಟೆಲಿಗ್ರಾಂ ಬಂತು. ನಿಮ್ಮ ತಂಡದಲ್ಲಿ ಏನೋ ಸರಿಯಿಲ್ಲ, ಇಲ್ಲಿ ಜೂಜುಕೋರರು ಹಾರ್ಟ್‌ಫರ್ಡ್ ಮೇಲೆ ಹಣ ಹಾಕುತ್ತಿದ್ದಾರೆ ಅನ್ನುವ ಅರ್ಥದ್ದು. ಚೇಸ್ ಮೊದಲು ತಲೆಕೆಡಿಸಿಕೊಳ್ಳಲಿಲ್ಲ. ಆ ಪಂದ್ಯ ಸೋತ ಮೇಲೆ ಅವನಿಗೆ ನಿದ್ದೆ ಹಾರಿತು. ಅವನ ಕಣ್ಣು ಮೊದಲು ಹೋದದ್ದು ಆಲ್ ನಿಕೋಲ್ಸ್ ಎಂಬ ಆಟಗಾರನ ಮೇಲೆ. ಮೂರನೇ ಬೇಸ್‌ನ ಆಟಗಾರನಿಗೆ ಕುರು ಆಗಿ ಆಡಲಾಗದೆ ಹೋದಾಗ, ಹಾಲ್ ಹೇಳಿದ ಅಂತ ತಂಡಕ್ಕೆ ಸೇರಿಸಿಕೊಂಡವನು ಈ ನಿಕೋಲ್ಸ್. ಅಂಥ ದೊಡ್ಡ ಆಟಗಾರನೇನೂ ಅಲ್ಲ. ಆದರೆ ಅವನಿಗೆ ಟೆಲಿಗ್ರಾಂಗಳು ಮಾತ್ರ ಸಿಕ್ಕಾಪಟ್ಟೆ ಬರುತ್ತಿದ್ದವು.

ಇನ್ನೊಂದು ಕಡೆ ಪತ್ರಿಕೆ. ಇಲ್ಲಿ ಒಂದು ಸ್ವಾರಸ್ಯ ಇದೆ. ತಂಡದ ಅಧ್ಯಕ್ಷ ವಾಲ್ಟರ್ ಹಾಲ್ಡೆಮನ್, ಊರಿನ ದೊಡ್ಡ ಪತ್ರಿಕೆ ಕೂರಿಯರ್-ಜರ್ನಲ್‌ನ ಮಾಲೀಕ. ಅವನ ಮಗ ಜಾನ್ ಹಾಲ್ಡೆಮನ್ ಅದೇ ಪತ್ರಿಕೆಗೆ ಬೇಸ್‌ಬಾಲ್ ವರದಿ ಬರೆಯುತ್ತಿದ್ದ. ಅಷ್ಟೇ ಅಲ್ಲ, ಆ ವರ್ಷ ಆಟಗಾರ ಕಡಿಮೆ ಬಿದ್ದಾಗ ಇದೇ ತಂಡಕ್ಕೆ ಒಂದು ಪಂದ್ಯ ಆಡಿಯೂ ಇದ್ದ. ಅಂದರೆ ತನಿಖೆ ಬರೆದವನು ಮಾಲೀಕನ ಮಗ, ತಂಡದ ಮಾಜಿ ಆಟಗಾರ, ವರದಿಗಾರ, ಮೂರೂ ಒಬ್ಬನೇ. ಸೋಲಿನ ಸರಣಿ ಶುರುವಾದಾಗ ಅವನು ಬರೀ ಆಶ್ಚರ್ಯ ಚಿಹ್ನೆ ಮತ್ತು ಪ್ರಶ್ನೆ ಚಿಹ್ನೆಗಳನ್ನೇ ಶೀರ್ಷಿಕೆಯಾಗಿ ಹಾಕಿದ. ಆಮೇಲೆ ನೇರವಾಗಿಯೇ ಬರೆಯತೊಡಗಿದ. ಇವತ್ತಾದರೆ ಇಂಥ ವರದಿಗಾರನನ್ನು ಪಕ್ಷಪಾತಿ ಅಂತ ಪಕ್ಕಕ್ಕೆ ಕೂರಿಸುತ್ತಿದ್ದರು. ಆದರೆ ಅವನು ಬಿಡದೆ ಬೆನ್ನು ಹತ್ತದಿದ್ದರೆ ಈ ವಿಷಯ ಹೊರಗೆ ಬರುತ್ತಿತ್ತಾ ಅನ್ನುವುದು ನನಗೆ ಅನುಮಾನ.

ಅಕ್ಟೋಬರ್‌ನಲ್ಲಿ ಚೇಸ್ ಒಂದು ಹೆಜ್ಜೆ ಇಟ್ಟ. ನಿಮ್ಮ ಹೆಸರಿಗೆ ಬಂದ, ನೀವು ಕಳಿಸಿದ ಟೆಲಿಗ್ರಾಂಗಳ ಪ್ರತಿ ನೋಡಲು ಒಪ್ಪಿಗೆ ಕೊಡಿ ಅಂತ ಆಟಗಾರರನ್ನೆಲ್ಲ ಕೇಳಿದ. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿ ಎಲ್ಲದರ ಪ್ರತಿ ಇಟ್ಟುಕೊಳ್ಳುತ್ತಿತ್ತು. ಒಪ್ಪದಿದ್ದರೆ ತಪ್ಪು ಒಪ್ಪಿಕೊಂಡಂತೆ ಅನ್ನುವುದು ಅವನ ಲೆಕ್ಕ. ಎಲ್ಲರೂ ಒಪ್ಪಿದರು, ಕ್ರೇವರ್ ಒಬ್ಬನನ್ನು ಬಿಟ್ಟು. ಮೊದಲು ನನ್ನ ಸಂಬಳದ ಬಾಕಿ ಕೊಡಿ, ಆಮೇಲೆ ಟೆಲಿಗ್ರಾಂ ಮಾತು ಅಂದ ಅವನು. ಈ ಉತ್ತರ ಉಡಾಫೆ ಅನ್ನಿಸಬಹುದು, ಆದರೆ ಅದರಲ್ಲಿ ಸತ್ಯ ಇದೆ. ತಂಡದ ಕೈಯಲ್ಲಿ ಕಾಸಿರಲಿಲ್ಲ, ಸಂಬಳ ತಡವಾಗುತ್ತಿತ್ತು.

ತಂತಿಗಳಲ್ಲಿ ಒಂದು ಪದ ಮತ್ತೆ ಮತ್ತೆ ಕಂಡಿತು: ಸ್ಯಾಶ್. ಸುಮ್ಮನೆ ಓದಿದರೆ ತಲೆಬುಡ ಇಲ್ಲ. ಅದು ಸಂಕೇತ. ಆ ಪದ ಇದ್ದರೆ ಆ ಪಂದ್ಯ ಸೋಲುವುದು ನಿಶ್ಚಯ ಅಂತ ನ್ಯೂಯಾರ್ಕ್‌ನ ಜೂಜುಕೋರನಿಗೆ ತಿಳಿಯಬೇಕು. ಡೆವ್ಲಿನ್ ಮತ್ತು ಹಾಲ್ ಇಬ್ಬರನ್ನೂ ವಿಚಾರಿಸಿದರು. ಇನ್ನೊಬ್ಬ ಈಗಾಗಲೇ ಎಲ್ಲ ಹೇಳಿಬಿಟ್ಟಿದ್ದಾನೆ ಅನ್ನುವ ಭಯದಲ್ಲಿ ಇಬ್ಬರೂ ಬಾಯಿಬಿಟ್ಟರು. ಕ್ರಿಕೆಟ್‌ನಲ್ಲಿ 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಸಿಕ್ಕಿಬಿದ್ದದ್ದು ದೆಹಲಿ ಪೊಲೀಸರು ಫೋನ್ ಮಾತು ಕದ್ದು ಕೇಳಿದ್ದರಿಂದ. ಅದಕ್ಕೆ ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು ನಡೆದದ್ದು ಹೆಚ್ಚು ಕಡಿಮೆ ಅದೇ ಕಥೆ.

ಏನನ್ನು ಒಪ್ಪಿಕೊಂಡರು ಅನ್ನುವುದು ಮುಖ್ಯ. ಆಗಿನ ತಂಡಗಳು ಎರಡು ಬಗೆಯ ಪಂದ್ಯ ಆಡುತ್ತಿದ್ದವು. ಒಂದು ಲೀಗ್ ಪಂದ್ಯ, ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು. ಇನ್ನೊಂದು ಪ್ರದರ್ಶನ ಪಂದ್ಯ. ಬಿಡುವಿನ ದಿನ ಹತ್ತಿರದ ಊರಿನ ಯಾವುದಾದರೂ ತಂಡದ ಜೊತೆ ಆಡಿ ಟಿಕೆಟ್ ದುಡ್ಡು ಮಾಡಿಕೊಳ್ಳಲು. ಡೆವ್ಲಿನ್ ಒಪ್ಪಿಕೊಂಡದ್ದು ಇಂಥ ಲೆಕ್ಕಕ್ಕಿಲ್ಲದ ಪಂದ್ಯಗಳನ್ನು ಮಾರಿದ್ದು. ಲೀಗ್ ಪಂದ್ಯಗಳನ್ನು ಬೇಕಂತ ಸೋತಿಲ್ಲ ಅಂತಲೇ ಅವನು ಹೇಳುತ್ತಾ ಬಂದ. ನಂಬುವುದೋ ಬಿಡುವುದೋ ಓದುವವರಿಗೆ ಬಿಟ್ಟದ್ದು. ನನಗಂತೂ ಪ್ರದರ್ಶನ ಪಂದ್ಯ ಮಾರಿದ ಕೈ ಆಗಸ್ಟ್‌ನ ಆ ಏಳು ಸೋಲಿನಲ್ಲಿ ಪೂರ್ತಿ ಶುದ್ಧವಾಗಿತ್ತು ಅಂತ ನಂಬಲು ಕಷ್ಟ. ಹಾಗಂತ ಸಾಬೀತಾಗಿದೆ ಅಂತ ಹೇಳಲೂ ಆಗುವುದಿಲ್ಲ. ಕೈಗೆ ಬಂದ ಹಣವೂ ನೂರರ ಲೆಕ್ಕದ್ದು, ಸಾವಿರಗಳದ್ದಲ್ಲ.

ಅಕ್ಟೋಬರ್ 30ರಂದು ಲೂಯಿವಿಲ್ ಕ್ಲಬ್ ನಾಲ್ವರನ್ನೂ ಹೊರಗೆ ಹಾಕಿತು: ಡೆವ್ಲಿನ್, ಹಾಲ್, ನಿಕೋಲ್ಸ್, ಕ್ರೇವರ್. ಕ್ರೇವರ್ ಮೇಲೆ ಪಂದ್ಯ ಮಾರಿದ ಪುರಾವೆ ಏನೂ ಸಿಕ್ಕಿರಲಿಲ್ಲ. ಟೆಲಿಗ್ರಾಂ ತೋರಿಸಲಿಲ್ಲ, ಶಿಸ್ತು ಇಲ್ಲ, ಹೆಸರು ಚೆನ್ನಾಗಿಲ್ಲ, ಇಷ್ಟೇ. ಡಿಸೆಂಬರ್‌ನಲ್ಲಿ ಲೀಗ್ ಸಭೆ ಸೇರಿ ಈ ತೀರ್ಮಾನಕ್ಕೆ ಮುದ್ರೆ ಒತ್ತಿತು. ಅಲ್ಲಿಗೆ ಅದು ಒಂದು ಕ್ಲಬ್‌ನ ತೀರ್ಮಾನವಾಗಿ ಉಳಿಯಲಿಲ್ಲ. ಲೀಗ್‌ನ ಯಾವ ತಂಡವೂ ಇವರನ್ನು ತೆಗೆದುಕೊಳ್ಳುವಂತಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟು ಕಠಿಣ ಯಾಕೆ?

ಈ ಲೀಗ್‌ಗೆ ಆಗ ಎರಡೇ ವರ್ಷ. ನ್ಯಾಷನಲ್ ಲೀಗ್ ಹುಟ್ಟಿದ್ದು 1876ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್‌ನ ಒಂದು ಹೋಟೆಲಿನಲ್ಲಿ. ಹಿಂದೆ ನಿಂತವನು ಶಿಕಾಗೋದ ವ್ಯಾಪಾರಿ ವಿಲಿಯಂ ಹಲ್ಬರ್ಟ್. ಅದಕ್ಕಿಂತ ಮೊದಲು 1871ರಿಂದ 1875ರವರೆಗೆ ಇದ್ದದ್ದು ಆಟಗಾರರ ಒಕ್ಕೂಟ. ಅಲ್ಲಿ ಹತ್ತು ಡಾಲರ್ ಕೊಟ್ಟರೆ ಯಾವ ತಂಡ ಬೇಕಾದರೂ ಸೇರಬಹುದಿತ್ತು. ಅರ್ಧ ಸೀಸನ್ ಆಡಿ ಮಾಯವಾಗುವ ತಂಡಗಳು, ಮೈದಾನದಲ್ಲೇ ಕೂಗಿ ಬೆಟ್ ಕಟ್ಟುವ ಜನ, ಮಾರಾಟವಾದ ಪಂದ್ಯಗಳ ಗುಸುಗುಸು. ಹಲ್ಬರ್ಟ್ ತಂದದ್ದು ಮಾಲೀಕರ ಲೀಗ್. ಇಲ್ಲಿ ಶಿಸ್ತು ಇದೆ, ಮರ್ಯಾದಸ್ಥರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬಹುದು, ಪಂದ್ಯ ನಿಜವಾದದ್ದು. ಅವನು ಮಾರುತ್ತಿದ್ದ ಸರಕು ಇದೇ. ಒಂದು ಟಿಕೆಟ್‌ಗೆ 50 ಸೆಂಟ್. ಆ ಕಾಲದಲ್ಲಿ ಅದು ದುಬಾರಿ.

ಆದರೆ ಲೀಗ್ ಒಳಗೊಳಗೇ ಅಲುಗಾಡುತ್ತಿತ್ತು. ಮೊದಲ ವರ್ಷದ ಕೊನೆಗೇ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ತಂಡಗಳು ಖರ್ಚಿಗೆ ಹೆದರಿ ಪಶ್ಚಿಮದ ಪ್ರವಾಸ ಬಿಟ್ಟವು. ಹಲ್ಬರ್ಟ್ ಎರಡನ್ನೂ ಹೊರಗೆ ಹಾಕಿದ. ದೇಶದ ಎರಡು ಅತಿ ದೊಡ್ಡ ನಗರಗಳೇ ಇಲ್ಲದ ಲೀಗ್ ಅದು! 1877ರಲ್ಲಿ ಉಳಿದದ್ದು ಆರು ತಂಡ. ಅದರಲ್ಲಿ ಸಿನ್ಸಿನಾಟಿ ಜೂನ್‌ನಲ್ಲಿ ದಿವಾಳಿಯಾಗಿ ಹೊಸ ಮಾಲೀಕರ ಕೈಯಲ್ಲಿ ಮತ್ತೆ ಎದ್ದಿತು. ಹಾರ್ಟ್‌ಫರ್ಡ್‌ಗೆ ಸ್ವಂತ ಊರಿನಲ್ಲಿ ಜನ ಸಾಲದೆ ಬ್ರೂಕ್ಲಿನ್‌ನಲ್ಲಿ ಆಡುತ್ತಿತ್ತು. ಇಂಥ ಹೊತ್ತಿನಲ್ಲಿ ಚಾಂಪಿಯನ್‌ಶಿಪ್ಪೇ ಮಾರಾಟವಾಗಿದೆ ಅನ್ನುವ ಸುದ್ದಿ ಬಂದರೆ? ಮಾರಲು ಹಲ್ಬರ್ಟ್ ಹತ್ತಿರ ಇದ್ದದ್ದೇ ನಂಬಿಕೆ ಒಂದು.

ಹಾಗಾಗಿ ಅವನಿಗೆ ಒಂದು ಉದಾಹರಣೆ ಬೇಕಿತ್ತು. ಚಿಕ್ಕ ಆಟಗಾರನನ್ನು ಹೊರಗೆ ಹಾಕಿದರೆ ಯಾರೂ ಹೆದರುವುದಿಲ್ಲ. ಲೀಗ್‌ನ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬನನ್ನೇ ಹೊರಗೆ ಹಾಕಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಅವನನ್ನು ವಾಪಸ್ ಕರೆದರೆ? ಮುಂದಿನ ವರ್ಷದ ಒಬ್ಬ ಆಟಗಾರ ಲೆಕ್ಕ ಹಾಕುತ್ತಾನೆ, ಸಿಕ್ಕಿಬಿದ್ದರೆ ನಾಲ್ಕು ವರ್ಷ ತಾನೇ ಅಂತ. ಮ್ಯೂಚುವಲ್ಸ್‌ನ ಮೂವರ ವಿಷಯದಲ್ಲಿ ಆದದ್ದು ಅದೇ. ನನ್ನ ಪ್ರಕಾರ ಡೆವ್ಲಿನ್‌ಗೆ ಸಿಕ್ಕ ಶಿಕ್ಷೆಯ ಅಳತೆ ಅವನ ತಪ್ಪಿನದ್ದಲ್ಲ, ಲೀಗ್‌ನ ಭಯದ್ದು. ತೋಳಿಗೆ ಅಷ್ಟು ಬೆಲೆ ಇಲ್ಲದಿದ್ದರೆ ಬಹುಶಃ ಅವನಿಗೆ ಮಾಫಿಯೂ ಸಿಗುತ್ತಿತ್ತು.

ಲೀಗ್‌ಗೂ ಇದು ಪುಕ್ಕಟೆ ಬೀಳಲಿಲ್ಲ. ಸೇಂಟ್ ಲೂಯಿಸ್ ತಂಡ ಮುಂದಿನ ವರ್ಷಕ್ಕೆ ಡೆವ್ಲಿನ್ ಮತ್ತು ಹಾಲ್ ಇಬ್ಬರನ್ನೂ ಮೊದಲೇ ಗೊತ್ತುಮಾಡಿಕೊಂಡಿತ್ತು. ಅವರಿಲ್ಲದೆ ಅದು ಲೀಗ್ ಬಿಟ್ಟಿತು. ಲೂಯಿವಿಲ್ ತಂಡವೂ 1878ರ ಸೀಸನ್‌ಗೆ ಮೊದಲೇ ಮುಚ್ಚಿಹೋಯಿತು. ಹಾರ್ಟ್‌ಫರ್ಡ್ ಕೂಡ ಉಳಿಯಲಿಲ್ಲ. ಆರರಲ್ಲಿ ಮೂರು ಖಾಲಿ. ಪ್ರಾವಿಡೆನ್ಸ್, ಇಂಡಿಯಾನಾಪೊಲಿಸ್, ಮಿಲ್ವಾಕೀ ತಂಡಗಳನ್ನು ಸೇರಿಸಿಕೊಂಡು ಹೇಗೋ ಲೆಕ್ಕ ತುಂಬಿಸಿದರು.

ಮಾಲೀಕರು ಇನ್ನೊಂದು ಪಾಠವನ್ನೂ ಕಲಿತರು. ಎಲ್ಲ ತಂಡಗಳೂ ಒಂದಾಗಿ ಒಬ್ಬ ಆಟಗಾರನನ್ನು ಬೇಡ ಅಂದರೆ ಅವನಿಗೆ ಹೋಗಲು ಜಾಗವೇ ಇಲ್ಲ. ಮೋಸಗಾರನ ಮೇಲೆ ಬಳಸಿದ ಈ ಒಗ್ಗಟ್ಟು ಪ್ರಾಮಾಣಿಕನ ಮೇಲೂ ಕೆಲಸ ಮಾಡುತ್ತದೆ, ಅಲ್ವಾ? 1879ರ ಸೆಪ್ಟೆಂಬರ್‌ನಲ್ಲಿ ಅವರು ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡ ತನ್ನ ಐವರನ್ನು ಕಾಯ್ದಿರಿಸಿಕೊಳ್ಳಬಹುದು, ಬೇರೆ ತಂಡಗಳು ಅವರ ತಂಟೆಗೆ ಹೋಗುವಂತಿಲ್ಲ. ಒಬ್ಬ ಆಟಗಾರನಿಗೆ ಹೆಚ್ಚು ಸಂಬಳ ಕೊಡುವ ತಂಡಕ್ಕೆ ಹೋಗುವ ಹಕ್ಕು ಹೀಗೆ ಕೈಬಿಟ್ಟುಹೋಯಿತು. ಐವರಿಂದ ಶುರುವಾದದ್ದು ಮುಂದೆ ಎಲ್ಲರಿಗೂ ಹಬ್ಬಿತು. ಆ ಬಿಗಿ ಸಡಿಲವಾಗಲು 1975ರವರೆಗೆ ಕಾಯಬೇಕಾಯಿತು. ಇದಕ್ಕೆ ಡೆವ್ಲಿನ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆಟಗಾರರನ್ನು ಒಟ್ಟಾಗಿ ಹಿಡಿದಿಡಬಹುದು ಅನ್ನುವ ಧೈರ್ಯ ಮಾಲೀಕರಿಗೆ ಬಂದದ್ದರಲ್ಲಿ ಲೂಯಿವಿಲ್ ಪ್ರಕರಣದ ಪಾಲು ಇದೆ ಅನ್ನಿಸುತ್ತದೆ.

ಡೆವ್ಲಿನ್ ಸುಮ್ಮನೆ ಕೂರಲಿಲ್ಲ. ಹೊರಬಿದ್ದ ಕೆಲವೇ ತಿಂಗಳಿಗೆ, 1878ರ ಫೆಬ್ರವರಿಯಲ್ಲಿ, ಬಾಸ್ಟನ್ ತಂಡದ ಮ್ಯಾನೇಜರ್ ಹ್ಯಾರಿ ರೈಟ್‌ಗೆ ಒಂದು ಪತ್ರ ಬರೆದ. ರೈಟ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವೃತ್ತಿಪರನಾಗಿದ್ದು ಆಮೇಲೆ ಬೇಸ್‌ಬಾಲ್‌ಗೆ ಬಂದವನು. ಆಗಿನ ಬೇಸ್‌ಬಾಲ್‌ನಲ್ಲಿ ಅವನಷ್ಟು ಒಳ್ಳೆಯ ಹೆಸರು ಇದ್ದವರು ಕಡಿಮೆ. ಪತ್ರದ ತುಂಬ ಕಾಗುಣಿತದ ತಪ್ಪುಗಳು. ಚಳಿಗಾಲ ಕಳೆಯುವುದೇ ಕಷ್ಟವಾಗಿದೆ, ನನಗೂ ಹೆಂಡತಿ ಮಗುವಿಗೂ ಉಡಲು ಬಟ್ಟೆ ಇಲ್ಲ, ಏನಾದರೂ ಕೆಲಸ ಕೊಡಿಸಿ, ಮೈದಾನ ನೋಡಿಕೊಳ್ಳುವ ಕೆಲಸವಾದರೂ ಸರಿ ಅನ್ನುವುದು ಅದರ ಸಾರ. ಆರು ತಿಂಗಳ ಹಿಂದೆ ರೈಟ್‌ನ ತಂಡದ ಎದುರು ಚಾಂಪಿಯನ್‌ಶಿಪ್‌ಗಾಗಿ ಎಸೆಯುತ್ತಿದ್ದವನು ಅವನು. ಆ ಪತ್ರ ಇವತ್ತಿಗೂ ಉಳಿದಿದೆ.

ಇನ್ನೊಂದು ಪ್ರಸಂಗವನ್ನು ಸ್ಪಾಲ್ಡಿಂಗ್ ದಶಕಗಳ ನಂತರ ಬರೆದ. ಹರಕು ಬಟ್ಟೆಯ ಡೆವ್ಲಿನ್ ಹಲ್ಬರ್ಟ್‌ನ ಕಚೇರಿಗೆ ಬಂದು ಮಂಡಿಯೂರಿ ಬೇಡಿಕೊಂಡನಂತೆ. ಹಲ್ಬರ್ಟ್ ಅಳುತ್ತಾ 50 ಡಾಲರ್ ನೋಟು ಅವನ ಕೈಗಿತ್ತು, ಇದು ನಿನ್ನ ಮೇಲಿನ ನನ್ನ ಸ್ವಂತ ಪ್ರೀತಿಗೆ, ಆದರೆ ನೀನು ಪಂದ್ಯ ಮಾರಿದವನು, ನಿನ್ನನ್ನು ನಂಬಲಾರೆ ಅಂದು ಕಳಿಸಿದನಂತೆ. ಕೇಳಲು ಚೆನ್ನಾಗಿದೆ. ಆದರೆ ಸ್ಪಾಲ್ಡಿಂಗ್ ಹಲ್ಬರ್ಟ್‌ನ ಬಲಗೈ, ಲೀಗ್‌ನ ಕಟ್ಟಾ ಪಕ್ಷಪಾತಿ. ಕಣ್ಣೀರು, ನೋಟು, ನೀತಿ ಮೂರೂ ಒಂದೇ ದೃಶ್ಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂತಿರುವುದನ್ನು ಉಪ್ಪು ಕಾರ ಬಿಟ್ಟೇ ಓದಿಕೊಳ್ಳಬೇಕು.

ಮತ್ತೆ ಸೇರಿಸಿಕೊಳ್ಳಿ ಅಂತ ಡೆವ್ಲಿನ್ ಲೀಗ್‌ಗೆ ಅರ್ಜಿ ಹಾಕುತ್ತಲೇ ಹೋದ. 1880ರಲ್ಲಿ ಲೀಗ್ ಒಂದು ನಿರ್ಣಯ ಮಾಡಿತು. ಈ ನಾಲ್ವರ ಕಡೆಯಿಂದ ಇನ್ನು ಯಾವ ಮನವಿಯನ್ನೂ ತೆಗೆದುಕೊಳ್ಳುವುದೇ ಇಲ್ಲ ಅಂತ. ಅಲ್ಲಿಗೆ ಮುಗಿಯಿತು. ಡೆವ್ಲಿನ್ ಫಿಲಡೆಲ್ಫಿಯಾದಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದ. ಟ್ರಾಯ್ ಎಂಬ ಊರಿನಲ್ಲಿ ಕ್ರೇವರ್ ಕೂಡ ಪೊಲೀಸನಾದ. ಜೂಜಿನ ಆರೋಪದಲ್ಲಿ ಹೊರಬಿದ್ದ ಇಬ್ಬರನ್ನು ಊರು ಕಾಯಲು ಇಟ್ಟುಕೊಂಡ ನಗರಗಳಿಗೆ ಅವರ ಮೇಲೆ ಅಷ್ಟೇನೂ ಅಪನಂಬಿಕೆ ಇರಲಿಲ್ಲ ಅಂತಾಯಿತು.

1883ರ ಅಕ್ಟೋಬರ್ 10ರಂದು ಡೆವ್ಲಿನ್ ಕ್ಷಯದಿಂದ ತೀರಿಕೊಂಡ. 34 ವರ್ಷ. ಪಿಚರ್ ಆಗಿ ಅವನ ಲೆಕ್ಕ ಮೂರೇ ಸೀಸನ್: 72 ಗೆಲುವು, 76 ಸೋಲು. ಅವನು ಸತ್ತ ಮುಂದಿನ ವರ್ಷವೇ ನ್ಯಾಷನಲ್ ಲೀಗ್ ಭುಜದ ಮೇಲಿಂದ ಎಸೆಯಲು ಒಪ್ಪಿಗೆ ಕೊಟ್ಟಿತು. ವೇಗ ಹೆಚ್ಚಿತು, ತೋಳುಗಳು ಬೇಗ ಸವೆಯತೊಡಗಿದವು, ತಂಡಗಳು ನಿಧಾನವಾಗಿ ಎರಡು ಮೂರು ಪಿಚರ್‌ಗಳನ್ನು ಇಟ್ಟುಕೊಳ್ಳತೊಡಗಿದವು. ಇಡೀ ಸೀಸನ್ ಒಬ್ಬನೇ ಎಸೆಯುವ ಕಾಲ ಅಲ್ಲಿಗೆ ಮುಗಿಯಿತು.

2025ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಒಂದು ತೀರ್ಮಾನ ಪ್ರಕಟಿಸಿತು. ಶಾಶ್ವತ ನಿಷೇಧ ಅಂದರೆ ಆ ವ್ಯಕ್ತಿ ಬದುಕಿರುವವರೆಗೆ ಮಾತ್ರ, ಸತ್ತ ಮೇಲೆ ಅದು ಕೊನೆಯಾಗುತ್ತದೆ ಅಂತ. ಬೆಟ್ಟಿಂಗ್‌ಗಾಗಿ ನಿಷೇಧಕ್ಕೆ ಒಳಗಾಗಿದ್ದ ಪೀಟ್ ರೋಸ್, 1919ರ ಪಂದ್ಯ ಮಾರಾಟದ ಹಗರಣದ ಜೋ ಜಾಕ್ಸನ್ ಸೇರಿ 17 ಜನರ ಹೆಸರು ಪಟ್ಟಿಯಿಂದ ಹೊರಬಂತು. ಅವರೆಲ್ಲ ಇಪ್ಪತ್ತನೇ ಶತಮಾನದವರು. ಲೂಯಿವಿಲ್‌ನ ನಾಲ್ವರು ಆ 17ರಲ್ಲಿ ಇಲ್ಲ.